ನವರಾತ್ರಿಯೊಳಗೆ ಪಾಚಿ ಹೋಗಬೇಕು

ಕೆಲವರ ಮನೆಯಲ್ಲಿ ಗಲಾಟೆ ಮೊಮ್ಮಕ್ಕಳಿಂದ, ಕೆಲವರ ಮನೆಯಲ್ಲಿ ನಾಯಿಯಿಂದ. ನಮ್ಮ ಮನೆಯಲ್ಲಿ ಪಾಚಿಯಿಂದ. ಒಂದು ಪ್ರಸಂಗಕ್ಕೆ ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಸ್ಟಾಫ್ ರೂಮಿನಲ್ಲಿ ಹೇಳಿದರೆ "ಸುಮ್ನಿರಿ ಸಾರ್, ಕಟ್ಟಿ ಹೇಳ್ತೀರ" ಅನ್ನುತ್ತಾರೆ. ಕಟ್ಟಿ ಹೇಳುವಷ್ಟು ಬುದ್ಧಿ ನನಗಿದ್ದಿದ್ದರೆ ಆ ಟ್ಯಾಂಕನ್ನೇ ಮನೆಗೆ ತರುತ್ತಿರಲಿಲ್ಲ.

ನಾನು ಕೆಮಿಸ್ಟ್ರಿ ಮೇಷ್ಟ್ರು. ಮನೆ ಬಸವನಗುಡಿಯಲ್ಲಿ. ಮನೆಯಲ್ಲಿರುವುದು ನಾನು, ನನ್ನಾಕೆ, ನಮ್ಮಮ್ಮ. ಹೋದ ರಥಸಪ್ತಮಿಯ ಹೊತ್ತಿಗೆ ಚಾಮರಾಜಪೇಟೆಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಒಂದು ಗಾಜಿನ ತೊಟ್ಟಿ ನೋಡಿದೆ. ಬರೀ ಮೀನು ಓಡಾಡುವ ತೊಟ್ಟಿಯಲ್ಲ. ಒಳಗೇ ಮರಳು, ಕಲ್ಲು, ಬೇರು ಬಿಟ್ಟ ಗಿಡಗಳು, ಗಿಡಗಳ ನಡುವೆ ಬೆರಳುದ್ದದ ಕೆಂಪು ಮೀನುಗಳು. ಲಾಲ್‌ಬಾಗನ್ನು ನೀರಲ್ಲಿ ಅದ್ದಿಟ್ಟ ಹಾಗಿತ್ತು. ಅಲ್ಲೇ ಮನಸ್ಸು ಸೋತಿತು. ಅಂಥದೇ ಒಂದು ತೊಟ್ಟಿ, ಹನ್ನೆರಡು ಮೀನು, ಒಂದು ಚೀಲ ಗಿಡ ತಂದು ಹಾಲ್‌ನ ದೊಡ್ಡ ಗೋಡೆಗೆ ಆನಿಸಿ ಇಟ್ಟೆ.

ಮೂರು ವಾರ ಸ್ವರ್ಗ. ನಾಲ್ಕನೇ ವಾರ ಗಾಜಿನ ಮೇಲೆ ಹಸಿರು ಪುಡಿ ಕೂತಿತು. ಐದನೇ ವಾರ ಎಲೆಗಳಿಗೆಲ್ಲ ಗಡ್ಡ ಬಂತು. ಆರನೇ ವಾರ ನೀರೇ ಹಸಿರಾಯಿತು. ಒಳಗೆ ಮೀನಿವೆ ಅನ್ನುವುದನ್ನು ಬಂದವರು ನನ್ನ ಮಾತಿನ ಮೇಲೆ ನಂಬಬೇಕಾಯಿತು.

ತೊಂದರೆ ಏನೆಂದರೆ, ಆ ದೊಡ್ಡ ಗೋಡೆ ನನ್ನದಲ್ಲ. ಮದುವೆಯಾದಾಗಿನಿಂದ ಅದು ನನ್ನಾಕೆಯ ದಸರಾ ಗೊಂಬೆಗಳ ಗೋಡೆ. ಯುಗಾದಿಯ ದಿನ ಬೇವುಬೆಲ್ಲ ಕೈಗೆ ಹಾಕುತ್ತಾ ತೀರ್ಪನ್ನೂ ಹಾಕಿದಳು.

"ರೀ, ನವರಾತ್ರಿಯೊಳಗೆ ಈ ನೀರು ತಿಳಿಯಾಗಿರ್ಬೇಕು. ಅರಿಶಿನ ಕುಂಕುಮಕ್ಕೆ ಬಂದೋರು ಗೊಂಬೆಗಿಂತ ಮುಂಚೆ ಈ ಚರಂಡಿ ನೋಡೋದು ನಂಗಿಷ್ಟ ಇಲ್ಲ. ಆಗ್ಲಿಲ್ವಾ, ಟ್ಯಾಂಕು ಆಚೆ. ಹಲ್ಲಿನ ಡಾಕ್ಟ್ರು ಅವ್ರ ಕ್ಲಿನಿಕ್‌ಗೆ ಬೇಕು ಅಂತಿದಾರೆ, ನಾನಾಗ್ಲೇ ಮಾತಾಡಿದೀನಿ."

"ಕೆಮಿಸ್ಟ್ರಿ ಮೇಷ್ಟ್ರಿಗೆ ನೀರಿನ ಸವಾಲಾ?" ಎಂದು ಮೀಸೆ ತಿರುವಿದೆ.

"ಮೂವತ್ತು ವರ್ಷದಿಂದ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ ಅಂತ ಹುಡುಗ್ರಿಗೆ ಪಾಠ ಮಾಡ್ತಿದೀರ. ಮನೇಲಿ ಒಂದ್ಸಲ ತೋರ್ಸಿ" ಅಂದಳು.

೧. ದೀಪ ಹಚ್ಚೋ ಹೊತ್ತು

ಅಂಗಡಿಯವರು ಸಜ್ಜನರು. ಮೊಣಕೈಯವರೆಗೆ ಯಾವಾಗಲೂ ಒದ್ದೆ. ನನ್ನ ಗೋಳು ಕೇಳಿ, ಡಾಕ್ಟರು ನಾಡಿ ಹಿಡಿದ ಹಾಗೆ ಮುಖ ಮಾಡಿ, "ಲೈಟು ದಿನಕ್ಕೆ ಎಷ್ಟೊತ್ತು ಸಾರ್?" ಎಂದರು.

"ಆರು ಗಂಟೆ."

"ಚಾನ್ಸೇ ಇಲ್ಲ. ಇದು ಆರು ಗಂಟೆ ಪಾಚಿ ಅಲ್ವೇ ಅಲ್ಲ. ಮನೇಲಿ ವಿಚಾರಿಸಿ."

ವಿಚಾರಿಸುವುದೇಕೆ, ಒಂದು ದಿನ ರಜಾ ಹಾಕಿ ಸೋಫಾದಲ್ಲಿ ಪೇಪರ್ ಹಿಡಿದು ಕೂತೆ. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ನೇರ ಹಾಲ್‌ಗೆ ಬಂದು ಟ್ಯಾಂಕಿನ ಸ್ವಿಚ್ ಒತ್ತಿ ಕೈ ಮುಗಿದರು. ಹತ್ತಕ್ಕೆ ಯಾರೋ ಬಂದರೆಂದು ಆರಿದ್ದ ಲೈಟನ್ನು ನನ್ನಾಕೆ ಹಾಕಿದಳು. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಮ್ಮ ಮತ್ತೆ ಬಂದು ಮತ್ತೆ ಸ್ವಿಚ್ಚು, ಮತ್ತೆ ಕೈ ಜೋಡಣೆ. ಒಟ್ಟು ಹದಿನಾಲ್ಕು ಗಂಟೆ ಬೆಳಕು.

"ಅಮ್ಮಾ, ಲೈಟು ಜಾಸ್ತಿಯಾದ್ರೆ ಪಾಚಿ ಬೆಳೆಯತ್ತೆ."

"ಏನೋ ನೀನು ಹೇಳೋದು? ಮೊದಲನೇ ಅವತಾರವೇ ಮತ್ಸ್ಯಾವತಾರ. ಅಂಥಾ ಸ್ವಾಮೀನ ಕತ್ತಲಲ್ಲಿ ಕೂರಿಸಿ, ಒಳಗೆ ಗೋಡೆಗೆ ತೂಗುಹಾಕಿರೋ ಕ್ಯಾಲೆಂಡರ್‌ಗೆ ದೀಪ ಹಚ್ಲಾ?"

ಕೊನೆಗೆ ಒಂದು ಟೈಮರ್ ಸ್ವಿಚ್ ತಂದು, ಸಂಜೆ ಸರಿಯಾಗಿ ಆರಕ್ಕೆ ಹತ್ತಿಕೊಂಡು ಹನ್ನೊಂದಕ್ಕೆ ತಾನೇ ಆಫ್ ಆಗುವ ಹಾಗೆ ಮಾಡಿದೆ. ಅಮ್ಮನ ದೀಪವೂ ಆಯಿತು, ನನ್ನ ಲೆಕ್ಕವೂ ಉಳಿಯಿತು. ಎರಡು ದಿನ ಬಿಟ್ಟು ನೋಡುತ್ತೇನೆ, ಟೈಮರ್‌ಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಕನಕಾಂಬರ ಸಿಕ್ಕಿಸಿದ್ದಾರೆ.

"ಇದಕ್ಯಾಕಮ್ಮಾ ಪೂಜೆ?"

"ದಿನಾ ಹೊತ್ತಿಗೆ ಸರಿಯಾಗಿ ದೀಪ ಹಚ್ಚತ್ತೆ ಕಣೋ. ಈ ಮನೇಲಿ ಇನ್ಯಾರಿಗಿದೆ ಆ ಶ್ರದ್ಧೆ?"

೨. ಕೆಲಸಕ್ಕೆ ಬಂದವರು

ಲೈಟು ಕಡಿಮೆಯಾದರೂ ಎಲೆಯ ಮೇಲಿನ ಗಡ್ಡ ಹೋಗಲಿಲ್ಲ. ಅಂಗಡಿಯವರು ಆರು ಬಸವನಹುಳು ಕೊಟ್ಟರು. "ಇವು ಪಾಚಿ ಬಿಟ್ಟು ಬೇರೇನೂ ಮುಟ್ಟಲ್ಲ ಸಾರ್. ಪ್ಯೂರ್ ವೆಜ್."

ಹುಳು ಮನೆಯೊಳಗೆ ತಂದದ್ದಕ್ಕೆ ಅಮ್ಮ ಏನನ್ನುತ್ತಾರೋ ಎಂಬ ಭಯವಿತ್ತು. ಪ್ಯೂರ್ ವೆಜ್ ಅನ್ನುವುದನ್ನು ಕೇಳಿ ಅರ್ಧ ಕರಗಿದರು. ಬಸವನಹುಳು ಎಂಬ ಹೆಸರು ಕೇಳಿ ಪೂರ್ತಿ ಕರಗಿದರು. "ಹೆಸರಲ್ಲೇ ಬಸವ ಇದಾನೆ, ಬಸವನಗುಡೀಲಿ ಇರೋದಕ್ಕೆ ಅವಕ್ಕೆ ನಮಗಿಂತ ಹಕ್ಕು ಜಾಸ್ತಿ" ಅಂದರು.

ಹುಳುಗಳು ಕೆಲಸಕ್ಕೆ ಇಳಿದವು. ಗಾಜಿನ ಮೇಲೆ ಅವು ಹೋದ ದಾರಿಯಷ್ಟೂ ಬೆಳ್ಳಗೆ ಹೊಳೆಯಿತು. ಒಂದು ವಾರದಲ್ಲಿ ಒಂದು ಮೂಲೆ ಶುಚಿ. ನಾನು ನನ್ನಾಕೆಯನ್ನು ಕರೆದು ಆ ಮೂಲೆಯನ್ನು ತೋರಿಸಿದೆ. ಅವಳು ಉಳಿದ ಮೂರನ್ನು ತೋರಿಸಿದಳು.

ಅಷ್ಟರಲ್ಲಿ ಅಕ್ಷಯ ತೃತೀಯ ಬಂತು. ಅಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ, "ಪಾಪ, ಆ ಬಸವಣ್ಣಗಳು ಹಬ್ಬದ ದಿನಾನೂ ಪಾಚಿ ತಿನ್ಬೇಕಾ?" ಎಂದು ಎರಡು ಬಿಲ್ಲೆ ಟ್ಯಾಂಕಿಗೆ ಬಿಟ್ಟರು. ಅರ್ಧ ಗಂಟೆಯಲ್ಲಿ ಆರೂ ಹುಳುಗಳು ಸೌತೆಕಾಯಿಯ ಮೇಲೆ ಸಭೆ ಸೇರಿದವು. ಮರುದಿನ ಪಾಚಿಯ ಕಡೆ ಒಂದೂ ತಿರುಗಿ ನೋಡಲಿಲ್ಲ. ಅದರ ಮರುದಿನವೂ ಇಲ್ಲ. ಬೆಳಿಗ್ಗೆ ಹತ್ತಾಗುವಷ್ಟರಲ್ಲಿ ಟ್ಯಾಂಕಿನ ಮೇಲ್ತುದಿಗೆ ಹತ್ತಿ, ಅಡುಗೆಮನೆಯ ಕಡೆ ಮುಖ ಮಾಡಿ ಕಾಯತೊಡಗಿದವು.

ಅಂಗಡಿಗೆ ಹೋಗಿ, "ಏನ್ರೀ, ಕೆಲಸ ಬಿಟ್ಟು ಕೂತಿವೆ" ಎಂದೆ.

"ಏನಾದ್ರೂ ಬೇರೆ ಹಾಕಿದ್ರಾ ಸಾರ್?"

"ಸೌತೆಕಾಯಿ."

ಅವರು ಒದ್ದೆ ಕೈಯನ್ನು ಹಣೆಗೆ ಒತ್ತಿಕೊಂಡರು. "ಸಾರ್, ನಾನು ಕಳ್ಸಿದ್ದು ಕೆಲಸದವ್ರನ್ನ. ನೀವು ಬೀಗರನ್ನ ಮಾಡ್ಕೊಂಡ್ರಿ."

೩. ಏಕಾದಶಿ

ನೀರು ಇನ್ನೂ ಹಸಿರೇ. ಅಂಗಡಿಯವರ ಮುಂದಿನ ಪ್ರಶ್ನೆ ಊಟದ ಮೇಲೆ. "ಮೀನು ತಿಂದು ಮಿಕ್ಕಿದ್ದೆಲ್ಲ ಪಾಚಿಗೆ ಗೊಬ್ಬರ ಸಾರ್. ದಿನಕ್ಕೆ ಒಂದೇ ಚಿಟಿಕೆ. ಎಷ್ಟು ಜನ ಹಾಕ್ತೀರ?"

"ನಾನೊಬ್ಬನೇ" ಎಂದು ಎದೆ ತಟ್ಟಿ ಹೇಳಿ ಮನೆಗೆ ಬಂದೆ.

ನನ್ನಾಕೆ ಒಪ್ಪಿಕೊಂಡಳು. "ನೀವು ಕಾಲೇಜಿಗೆ ಹೋದ್ಮೇಲೆ ಒಂಚೂರು ಹಾಕ್ತೀನಿ. ನಿಮ್ಮ ಮರೆವು ನಂಗೊತ್ತಿಲ್ವಾ?" ಮನೆಗೆಲಸದಾಕೆ ಒಪ್ಪಿಕೊಂಡಳು. "ಅವು ಬಾಯಿ ಬಾಯಿ ಬಿಡ್ತವಲ್ಲ ಸಾರ್, ಹೊಟ್ಟೆ ಉರಿಯತ್ತೆ ನೋಡಕ್ಕೆ." ಅಮ್ಮ ಒಪ್ಪಿಕೊಳ್ಳುವುದಿರಲಿ, ನನ್ನನ್ನೇ ಬೈದರು. "ಇಪ್ಪತ್ನಾಕು ಕಣ್ಣು ನನ್ನ ತಟ್ಟೇನೇ ನೋಡ್ತಿರತ್ತೆ. ಅವಕ್ಕೆ ಹಾಕ್ದೆ ನಾನೊಬ್ಬಳೇ ಉಣ್ಣಲಾ?"

ದಿನಕ್ಕೆ ನಾಲ್ಕು ಊಟ. ನನಗೇ ಮೂರು. ಅಂಗಡಿಯವರು ಆಗಾಗ ಒಂದು ದಿನ ಪೂರ್ತಿ ಉಪವಾಸ ಹಾಕಿ ಎಂದಿದ್ದರು. ಆ ಮಾತನ್ನು ಅಮ್ಮನಿಗೆ ಹೇಳಿದ್ದೇ ತಡ, ಅವರ ಮುಖ ಅರಳಿತು. ಉಪವಾಸ ಅಂದರೆ ಅವರ ಇಲಾಖೆ. ಮುಂದಿನ ಏಕಾದಶಿಗೆ ಮೀನಿನ ಆಹಾರದ ಡಬ್ಬಿ ದೇವರ ಮನೆಯ ಗೂಡು ಸೇರಿತು. ಅಮ್ಮನೂ ಉಪವಾಸ, ಮೀನೂ ಉಪವಾಸ. ಮನೆಗೆಲಸದಾಕೆ ಡಬ್ಬಿ ಕೇಳಿದ್ದಕ್ಕೆ ಬೈಸಿಕೊಂಡಳು. ಬಸವನಹುಳುಗಳಿಗೆ ಸೌತೆಕಾಯಿಯೂ ಬಂದ್.

ಆ ಸಂಜೆ ನೀರು ಒಂದು ಗುಲಗಂಜಿಯಷ್ಟು ತಿಳಿಯಾದ ಹಾಗೆ ಕಂಡಿತು. ಹಿಂದಿನ ದಿನ ಕಾಣದಿದ್ದ ಒಂದು ಕಲ್ಲು ಕಂಡಿತು. ಆ ಕಲ್ಲನ್ನು ನೋಡಿ ನನಗಾದ ಸಂತೋಷ ನನ್ನ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ. ಹಿಗ್ಗಿ ಮಲಗಿದೆ.

ಮರೆತದ್ದು ಒಂದೇ. ಏಕಾದಶಿಯಾದ ಮೇಲೆ ದ್ವಾದಶಿ ಬರುತ್ತದೆ. ಉಪವಾಸ ಇದ್ದವರು ಬೆಳಗಾಗುತ್ತಲೇ ಪಾರಣೆ ಮಾಡಬೇಕು, ಅದೂ ಹೊಟ್ಟೆ ತುಂಬ. ನಾನು ಏಳುವುದರೊಳಗೆ ಅಮ್ಮ ಸ್ನಾನ ಮುಗಿಸಿ, ಮೀನಿಗೆ ಆ ದಿನದ್ದು, ಹಿಂದಿನ ದಿನದ್ದು, ಜೊತೆಗೆ ನೆನೆಸಿದ ಒಂದು ಹಿಡಿ ಅವಲಕ್ಕಿ ಬಡಿಸಿ ಆಗಿತ್ತು. ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಕಲ್ಲು ಮಾಯ, ಗಿಡವೂ ಮಾಯ.

ಏಕಾದಶಿ ಮಾಡಿದ್ದು ಮೀನು, ಪಾರಣೆ ಮಾಡಿದ್ದು ಪಾಚಿ.

೪. ಸೋದರಮಾವನ ಔಷಧಿ ಸ್ನಾನ

ಪಾಚಿಗೆ ಹಳೆಯ ಮದ್ದು ನೀರು ಬದಲಾಯಿಸುವುದು. ವಾರಕ್ಕೊಮ್ಮೆ ಅರ್ಧ ನೀರು ತೆಗೆದು ಹೊಸದು ತುಂಬಬೇಕು. ತೆಗೆದ ನೀರನ್ನು ಎದುರು ಮನೆಯ ವಕೀಲರು ತಮ್ಮ ಗುಲಾಬಿ ಕುಂಡಗಳಿಗೆ ಒಯ್ಯುತ್ತಿದ್ದರು. ಅದರಿಂದ ಅವರ ಗುಲಾಬಿ ಹೂಕೋಸಿನ ಗಾತ್ರಕ್ಕೆ ಬಂದಿತ್ತು.

ಒಂದು ಭಾನುವಾರ ಎರಡು ಬಕೆಟ್ ನೀರು ತೆಗೆದು, ವಕೀಲರು ಬರಲಿ ಎಂದು ಬಚ್ಚಲಲ್ಲಿ ಇಟ್ಟು, ಹೂವು ತರಲು ಗಾಂಧಿಬಜಾರಿಗೆ ಹೋದೆ. ಅಷ್ಟರಲ್ಲಿ ಚಾಮರಾಜಪೇಟೆಯಿಂದ ಸೋದರಮಾವ ಬಂದರು. ಅವರಿಗೆ ಬೇಸಿಗೆಯಲ್ಲಿ ಮೈ ನವೆ. ಬಸ್ಸಿನಲ್ಲಿ ಯಾರನ್ನೆಲ್ಲ ಮುಟ್ಟಿದೆನೋ, ಸ್ನಾನ ಮಾಡಿಯೇ ಕಾಫಿ ಕುಡೀತೀನಿ ಎಂದು ಟವೆಲ್ ಹಿಡಿದು ಒಳಗೆ ಹೋದರಂತೆ.

ನಾನು ವಾಪಸ್ಸು ಬಂದಾಗ ಮಾವ ಹಾಲ್‌ನಲ್ಲಿ ಪಂಚೆ ಉಟ್ಟು, ತಲೆ ಒರೆಸಿಕೊಳ್ಳುತ್ತಾ, ಜಗತ್ತನ್ನು ಕ್ಷಮಿಸಿದವರ ಹಾಗೆ ಕೂತಿದ್ದರು. ಕಿವಿಯ ಹಿಂದೆ ಒಂದು ಎಳೆ ಹಸಿರು ಅಂಟಿತ್ತು.

"ಅಕ್ಕಾ, ನಿನ್ನ ಕೈಗುಣ ಕೈಗುಣವೇ. ಬೇವಿನೆಲೆ ಹಾಕಿ ನೀರು ಕಾಯಿಸಿ ಆರಿಸಿಟ್ಟಿದ್ಯಲ್ಲ, ಎರಡೂ ಬಕೆಟ್ ಹೊಯ್ಕೊಂಡೆ. ನವೆ ಅನ್ನೋದು ಹಾಗೇ ನಿಂತ್ಹೋಯ್ತು."

ನಾನು ಅಮ್ಮನನ್ನು ನೋಡಿದೆ. ಅಮ್ಮ ನನ್ನಾಕೆಯನ್ನು ನೋಡಿದರು. ನನ್ನಾಕೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ಮುಚ್ಚಿಸಿದರು. ನವೆ ಹೋದದ್ದಂತೂ ನಿಜ, ಇನ್ನು ಸತ್ಯ ಹೇಳಿ ಅದನ್ನು ವಾಪಸ್ಸು ಕರೆಸುವುದು ಯಾಕೆ?

ಆಗ ಮಾವ ಅಂಗೈ ಬಿಡಿಸಿ ತೋರಿಸಿದರು. ನಮ್ಮ ಆರು ಬಸವನಹುಳುಗಳಲ್ಲಿ ಒಂದು, ಚಿಪ್ಪಿನೊಳಗೆ ಬಾಗಿಲು ಹಾಕಿಕೊಂಡು ಕೂತಿತ್ತು.

"ಅಂಟುವಾಳಕಾಯಿ ಮಾತ್ರ ಹಳೇದು ಅನ್ಸತ್ತೆ ಅಕ್ಕ. ತಲೆಗೆ ಎಷ್ಟು ಉಜ್ಜಿದ್ರೂ ನೊರೆನೇ ಬರ್ಲಿಲ್ಲ."

೫. ಪೂರ್ತಿನಾ?

ಆಷಾಢ ಬಂತು. ನವರಾತ್ರಿಗೆ ಮೂರು ತಿಂಗಳು. ನನ್ನಾಕೆ ಆಗಾಗ ಅಳತೆಯ ಟೇಪು ತಂದು ಗೋಡೆ ಅಳೆಯುತ್ತಿದ್ದಳು, ಸುಮ್ಮನೆ, ನನಗೆ ಕಾಣುವ ಹಾಗೆ.

ಗಿಡ ಬಲವಾಗಿ ಬೆಳೆದರೆ ಪಾಚಿಗೆ ಊಟ ಸಿಗುವುದಿಲ್ಲ, ಗಿಡ ಬೆಳೆಯಬೇಕಾದರೆ ಇಂಗಾಲದ ಗ್ಯಾಸು ಕೊಡಬೇಕು ಎಂದರು ಅಂಗಡಿಯವರು. ಕೊನೆಗೂ ನನ್ನ ವಿಷಯ! ದೊಡ್ಡ ಬಾಟಲಿಯಲ್ಲಿ ಸಕ್ಕರೆ ನೀರು, ಬ್ರೆಡ್ಡಿಗೆ ಹಾಕುವ ಈಸ್ಟು. ಅದು ಹುಳಿ ಬಂದಂತೆ ಗ್ಯಾಸು ಎದ್ದು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ಹೋಗುತ್ತದೆ. ಒಂದಲ್ಲ, ನಾಲ್ಕು ಬಾಟಲಿ ಸಾಲಾಗಿ ನಿಲ್ಲಿಸಿದೆ. ಗುಳುಗುಳು ಅನ್ನುವ ಸದ್ದು ಕೇಳುತ್ತಾ ಕೂರುವುದೇ ಒಂದು ಸುಖ.

ನಾಲ್ಕನೇ ದಿನ ಮನೆಯಲ್ಲೊಂದು ಪರಿಮಳ ಎದ್ದಿತು. ಅಮ್ಮ ದೋಸೆಹಿಟ್ಟು ಹುಳಿ ಬಂದಿದೆ ಎಂದು ಎರಡು ಸಲ ಪಾತ್ರೆ ಮುಚ್ಚಳ ತೆಗೆದು ನೋಡಿದರು. ಐದನೇ ದಿನ ಪರಿಮಳ ರಸ್ತೆ ದಾಟಿತು. ಆರನೇ ದಿನ ಎದುರು ಮನೆಯ ವಕೀಲರು ಬಂದರು. ರಿಟೈರ್ ಆದವರು, ಶಿಸ್ತಿನವರು, ನಮ್ಮ ಬೀದಿಯಲ್ಲಿ ಯಾರು ಎಷ್ಟು ಜೋರಾಗಿ ಹಾರ್ನ್ ಹಾಕಬೇಕು ಎಂಬುದೂ ಅವರದೇ ತೀರ್ಮಾನ. ಕೂತು, ಮೂಗೆಳೆದು, ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರೇ, ದಿನಸಿ ಅಂಗಡಿಯವನು ಹೇಳ್ದ, ನೀವು ಸಕ್ಕರೆ ಮೂಟೆ ಥರ ತಗೊಂಡ್ ಹೋಗ್ತಿದೀರಂತೆ. ಜೊತೆಗೆ ಈಸ್ಟು. ನೀವು ಕೆಮಿಸ್ಟ್ರಿ ಬೇರೆ. ಮನೇಲಿ ವಯಸ್ಸಾದ ತಾಯಿ ಇದಾರೆ. ನಿಮ್ಮಂಥೋರು ಇಂಥಾ ಕೆಲಸ ಮಾಡಬಹುದಾ?"

ನಾನು ಬಾಟಲಿಯಿಂದ ಟ್ಯಾಂಕಿನವರೆಗೆ ಪೈಪನ್ನು ಬೆರಳಲ್ಲಿ ತೋರಿಸುತ್ತಾ ಪಾಠ ಮಾಡಿದೆ. ಸಕ್ಕರೆ, ಈಸ್ಟು, ಗ್ಯಾಸು, ಗಿಡ, ಪಾಚಿ. ಬೋರ್ಡೊಂದಿದ್ದರೆ ಸಮೀಕರಣವನ್ನೂ ಬರೆಯುತ್ತಿದ್ದೆ. ವಕೀಲರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಗ್ಯಾಸು ಗಿಡಕ್ಕೆ ಹೋಗತ್ತೆ. ಒಪ್ಪಿದೆ. ಬಾಟ್ಲೀಲಿ ಉಳಿಯೋದು?"

"ಎರಡು ವಾರಕ್ಕೊಂದ್ಸಲ ಮೋರಿಗೆ ಚೆಲ್ತೀನಿ ಸಾರ್."

ಅವರ ಮುಖದಲ್ಲಿ ಮೊದಲ ಬಾರಿಗೆ ನಿಜವಾದ ನೋವು ಕಾಣಿಸಿತು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು.

"ಪೂರ್ತಿನಾ?"

೬. ಕರಿ ಗೌನು

ಪಿತೃಪಕ್ಷ ಶುರುವಾದಾಗ ನನ್ನ ಬತ್ತಳಿಕೆ ಖಾಲಿಯಾಗಿತ್ತು. ವಾಸನೆಗೆ ಹೆದರಿ ಬಾಟಲಿಗಳು ಹೋಗಿದ್ದವು. ಹುಳುಗಳು ಆರರಿಂದ ಅರವತ್ತಾಗಿ, ಅರವತ್ತೂ ಸೌತೆಕಾಯಿಗೆ ಸಾಲು ನಿಲ್ಲುತ್ತಿದ್ದವು. ನೀರು ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಒಂದು ಸಂಜೆ ಹಲ್ಲಿನ ಡಾಕ್ಟರ ಕಡೆಯವರು ಬಂದು ಟ್ಯಾಂಕಿನ ಉದ್ದಗಲ ಬರೆದುಕೊಂಡು ಹೋದರು. ಅವತ್ತು ನನಗೆ ಊಟ ಸೇರಲಿಲ್ಲ. ಐವತ್ತು ದಾಟಿದ ಗಂಡಸು ಮೀನಿಗಾಗಿ ಕಣ್ಣೀರು ಹಾಕಬಾರದು ಎಂದು ಗೊತ್ತಿದ್ದರೂ ಕಣ್ಣು ಒದ್ದೆಯಾಯಿತು.

ಅಂಗಡಿಯವರು ಕಡೆಯ ಮದ್ದು ಹೇಳಿದರು. "ಮೂರು ದಿನ ಪೂರ್ತಿ ಕತ್ತಲು ಸಾರ್. ಒಂದು ಎಳೆ ಬೆಳಕು ಒಳಗೆ ಹೋಗ್ಬಾರ್ದು. ಗಿಡ ತಡ್ಕೊಳತ್ತೆ, ಪಾಚಿ ತಡ್ಕೊಳಲ್ಲ. ಗಾಳಿ ಪಂಪು ಓಡ್ತಾ ಇರ್ಲಿ, ಊಟ ಬೇಡ. ಮಧ್ಯ ಒಂದ್ಸಲ ಇಣುಕಿ ನೋಡಿದ್ರೂ ಕೆಟ್ಟಿತು."

ನವರಾತ್ರಿಗೆ ಮೂರು ದಿನ ಇತ್ತು. ಲೆಕ್ಕ ಸರಿಯಾಗಿತ್ತು. ಆದರೆ ಅಮ್ಮನನ್ನು ಒಪ್ಪಿಸಬೇಕಲ್ಲ. ಈ ಸಲ ನಾನು ಕೆಮಿಸ್ಟ್ರಿ ಬಿಟ್ಟು ಪುರಾಣ ಹಿಡಿದೆ. "ಅಮ್ಮಾ, ಮತ್ಸ್ಯಾವತಾರ ಆದಾಗ ಪ್ರಳಯ ಅಲ್ವಾ? ಆಗ ಸೂರ್ಯ ಎಲ್ಲಿದ್ದ?"

ಅಮ್ಮ ಯೋಚಿಸಿದರು. "ಹೌದಲ್ವೋ. ಬರೀ ಕತ್ತಲು, ಬರೀ ನೀರು. ಸ್ವಾಮಿಗೆ ಅದೇ ಅಭ್ಯಾಸ. ನಾನೇ ಇಷ್ಟು ದಿನ ಲೈಟ್ ಹಾಕಿ ತೊಂದ್ರೆ ಕೊಟ್ಟೆ" ಎಂದು ಗಲ್ಲ ಬಡಿದುಕೊಂಡರು. ಏಳು ತಿಂಗಳಲ್ಲಿ ನಾನು ಗೆದ್ದ ಮೊದಲ ವಾದ ಅದು.

ಇನ್ನು ಬೆಳಕು ತೂರದ ಬಟ್ಟೆ ಬೇಕು. ಬೆಡ್‌ಶೀಟು ತೆಳು, ಕಂಬಳಿ ನಮ್ಮಲ್ಲಿಲ್ಲ. ವಕೀಲರು ತಮ್ಮ ಕೋರ್ಟಿನ ಗೌನು ತಂದರು, ಜೊತೆಗೆ ಎರಡು ಕರಿ ಕೋಟು. ಟ್ಯಾಂಕಿಗೆ ಗೌನು ತೊಡಿಸಿ, ಕೋಟಿನ ತೋಳುಗಳನ್ನು ಹಿಂದೆ ಗಂಟು ಹಾಕಿದೆವು. ಹಾಲ್‌ನಲ್ಲಿ ಯಾರೋ ಲಾಯರು ಬಗ್ಗಿ ನಿಂತು ಜಡ್ಜಿಗೆ ನಮಸ್ಕಾರ ಮಾಡುತ್ತಿರುವ ಹಾಗೆ ಕಾಣುತ್ತಿತ್ತು. ಮೊದಲ ದಿನ ಪೇಪರ್ ಬಿಲ್ಲು ವಸೂಲಿಗೆ ಬಂದವನು "ಆಮೇಲೆ ಬರ್ತೀನಿ ಸಾರ್, ಒಳಗೆ ಕ್ಲೈಂಟ್ ಇದಾರೆ" ಎಂದು ಹೋಗಿಬಿಟ್ಟ.

"ಬೆಳಕು ಒಳಗೆ ಹೋಗಲ್ಲ ತಾನೇ ಸಾರ್?" ಎಂದು ವಕೀಲರನ್ನು ಕೇಳಿದೆ.

ಅವರು ಗೌನನ್ನು ಹೆಮ್ಮೆಯಿಂದ ಸವರಿದರು. "ನಲವತ್ತು ವರ್ಷ ಇದನ್ನ ಹಾಕ್ಕೊಂಡು ಎಂತೆಂಥದೋ ಮುಚ್ಚಿಹಾಕಿದೀನಿ ಮೇಷ್ಟ್ರೇ. ನಿಮ್ಮ ಪಾಚಿ ಯಾವ ಲೆಕ್ಕ?"

೭. ಯಮುನೆ

ನವರಾತ್ರಿಯ ಮೊದಲ ದಿನ ಬೆಳಿಗ್ಗೆ. ನನ್ನಾಕೆ ಗೋಡೆಯ ಎರಡೂ ಪಕ್ಕ ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆ, ಶೆಟ್ಟಿ ಶೆಟ್ಟಮ್ಮ ಎಲ್ಲರನ್ನೂ ಕೂರಿಸಿದ್ದಳು. ನಡುವೆ ಗೌನು ತೊಟ್ಟ ಟ್ಯಾಂಕಿಗೆ ಜಾಗ ಬಿಟ್ಟಿದ್ದಳು. ಕೊನೆಗೂ ನನ್ನ ಮೇಲೆ ನಂಬಿಕೆ ಬಂದಿದೆಯಲ್ಲ!

ಅಮ್ಮ, ವಕೀಲರು, ನನ್ನಾಕೆ ಎದುರಿಗೆ ನಿಂತರು. ನಾನು ತೋಳಿನ ಗಂಟು ಬಿಚ್ಚಿ ಗೌನು ಎಳೆದೆ.

ನೀರು ಇರಲೇ ಇಲ್ಲ. ಅಂದರೆ, ಇದೆ ಎಂದು ಗೊತ್ತಾಗುತ್ತಿರಲಿಲ್ಲ, ಅಷ್ಟು ತಿಳಿ. ತಳದ ಮರಳಿನ ಒಂದೊಂದು ಕಾಳೂ ಕಾಣುತ್ತಿತ್ತು. ಗಿಡಗಳು ಸ್ವಲ್ಪ ಬಾಡಿದ್ದರೂ ನಿಂತಿದ್ದವು. ಎಷ್ಟೋ ತಿಂಗಳ ಮೇಲೆ ಹನ್ನೆರಡು ಮೀನನ್ನೂ ಒಟ್ಟಿಗೆ ನೋಡಿದೆ. ಎಣಿಸಿದೆ, ಮತ್ತೆ ಎಣಿಸಿದೆ. ಒಂದೂ ಕಡಿಮೆಯಿಲ್ಲ. ನಾನು ಹಾಲ್‌ನಲ್ಲೇ ಒಂದು ಸುತ್ತು ಕುಣಿದೆ. ವಕೀಲರು ಚಪ್ಪಾಳೆ ತಟ್ಟಿದರು. ಅಮ್ಮ ಮತ್ಸ್ಯಮೂರ್ತಿಗೆ ಅಡ್ಡಬಿದ್ದರು.

ನನ್ನಾಕೆ ಮಾತ್ರ ಕಲ್ಲಿನ ಹಾಗೆ ನಿಂತಿದ್ದಳು. ಕೈಯಲ್ಲೊಂದು ಏಳು ಹೆಡೆಯ ದೊಡ್ಡ ಹಾವು. ಹೆಡೆಯ ಮೇಲೆ ಕುಣಿಯುತ್ತಿರುವ ಕೃಷ್ಣ.

"ಏನ್ರೀ ಇದು?" ಅಂದಳು, ಅಳುವ ದನಿಯಲ್ಲಿ.

"ನೀರು ಕಣೇ! ಬಣ್ಣ ಇಲ್ಲ, ವಾಸನೆ ಇಲ್ಲ!"

"ಈ ವರ್ಷ ನಂದು ಕಾಳಿಂಗಮರ್ದನ. ಬಳೇಪೇಟೆ ಪೂರ್ತಿ ಅಲೆದು ಗೊಂಬೆ ತಂದು ಬೀರೂಲಿ ಬಚ್ಚಿಟ್ಟಿದ್ದೆ. ಯಮುನೆ ವಿಷದಲ್ಲಿ ಕಡುಹಸಿರಾಗಿರ್ಬೇಕು. ಅದಕ್ಕೇ ಮಧ್ಯ ಜಾಗ ಬಿಟ್ಟಿದ್ದು, ಡಾಕ್ಟ್ರಿಗೂ ಹಬ್ಬ ಆದ್ಮೇಲೆ ತಗೊಳ್ಳಿ ಅಂದಿದ್ದು. ಎಲ್ರಿಗೂ ಹೇಳಿಬಿಟ್ಟಿದೀನಿ."

"ನಾನು ಗೆದ್ಬಿಟ್ರೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?"

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀನಿ. ಯಾವತ್ತೂ ನನ್ನ ನಂಬಿಕೆ ಸುಳ್ಳು ಮಾಡಿರ್ಲಿಲ್ಲ ನೀವು. ಇವತ್ತೇ ಮಾಡ್ಬೇಕಿತ್ತಾ?"

ಸಂಜೆ ಐದಕ್ಕೆ ಹೆಂಗಸರು ಬರುವವರಿದ್ದರು. ಅಷ್ಟರಲ್ಲಿ ಯಮುನೆ ಹಸಿರಾಗಬೇಕೆಂದು ಅಪ್ಪಣೆಯಾಯಿತು. ಬರ್ಫಿಗೆ ಹಾಕುವ ಹಸಿರು ಬಣ್ಣ ಕಲಸುತ್ತೇನೆಂದು ಹೊರಟಳು, ಮೀನುಗಳ ಪರವಾಗಿ ನಾನು ಕೈ ಅಡ್ಡ ಹಿಡಿದೆ. ವಕೀಲರ ಗುಲಾಬಿ ಕುಂಡಗಳಿಗೆ ಹೋಗಿ ನೋಡಿದೆ, ನೀರೆಲ್ಲ ಇಂಗಿತ್ತು. ಕೊನೆಗೆ ಅಂಗಡಿಗೆ ಫೋನ್ ಮಾಡಿದೆ.

"ಪಾಚಿ ಇದೆಯಾ?"

"ಇನ್ನೂ ಹೋಗಿಲ್ವಾ ಸಾರ್?"

"ಹೋಯ್ತು. ವಾಪಸ್ ಬೇಕು. ಸಂಜೆಯೊಳಗೆ."

"ಸಾರ್, ಮನೇಲಿ ಯಾರಾದ್ರೂ ದೊಡ್ಡೋರಿದ್ರೆ ಫೋನ್ ಕೊಡಿ" ಎಂದರು.

ಮನೆಯ ದೊಡ್ಡವರೇ ಕಾಪಾಡಿದರು. ಬತ್ತಿ ಹೊಸೆಯುತ್ತಾ ಎಲ್ಲ ಕೇಳುತ್ತಿದ್ದ ಅಮ್ಮ ಸೊಸೆಯನ್ನು ಕರೆದು, "ಅಳ್ತೀಯಾಕೆ? ಕೃಷ್ಣ ಹೆಡೆ ಮೇಲೆ ಕುಣೀತಿದಾನೆ ಅಂದ್ರೆ ಕಾಳಿಂಗ ಸೋತ ಅಂತ. ಅವನು ಸೋತ್ಮೇಲೆ ಯಮುನೆ ತಿಳಿಯಾಗ್ಲೇಬೇಕು ಕಣೇ. ಹಸಿರಾಗಿದ್ರೆನೇ ತಪ್ಪು" ಎಂದರು.

ಅಷ್ಟೇ. ಟ್ಯಾಂಕಿನ ಮೇಲೆ ಅಡ್ಡ ಹಲಗೆ ಬಂತು, ಹಲಗೆಯ ಮೇಲೆ ಕಾಳಿಂಗ ಬಂದ. ಕೆಳಗೆ ತಿಳಿನೀರಿನಲ್ಲಿ ಹನ್ನೆರಡು ಕೆಂಪು ಮೀನು. ಸಂಜೆ ಬಂದ ಹೆಂಗಸರು ಬಾಯಿಬಾಯಿ ಬಿಟ್ಟರು. ಮರುದಿನ ಮಲ್ಲೇಶ್ವರದಿಂದ ಒಂದು ತಂಡ ಆಟೋದಲ್ಲಿ ಬಂತು. ಮೂರನೇ ದಿನ ಶ್ರೀರಾಂಪುರದಿಂದ, ಯಾರ ಕಡೆಯವರೋ ನಮಗೂ ಗೊತ್ತಿಲ್ಲ. ನನ್ನಾಕೆ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಬಂದವರಿಗೆ ಕತ್ತಲೆ ತೋರಿಸೋದಾ ಎಂದು ಟೈಮರ್ ಕಿತ್ತಿಟ್ಟಳು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಲೈಟು. ಬಂದ ಮಕ್ಕಳಿಗೆಲ್ಲ ಒಂದೊಂದು ಚಿಟಿಕೆ ಆಹಾರ ಹಾಕುವ ಮರ್ಯಾದೆ. ನಾಲ್ಕನೇ ದಿನ ನೀರಲ್ಲಿ ಕಡಲೆಕಾಳಿನ ಉಸಲಿ ತೇಲಿತು, ಐದನೇ ದಿನ ರವೆ ಉಂಡೆ ಮುಳುಗಿತು. ನಾನು ಬಾಯಿ ಬಿಟ್ಟರೆ "ಹಬ್ಬದ ದಿನ ಶುರು ಮಾಡ್ಬೇಡಿ" ಅನ್ನುತ್ತಿದ್ದಳು. ಆಯುಧಪೂಜೆಯ ಹೊತ್ತಿಗೆ ಯಮುನೆ ಎಳೆಹಸಿರು. ವಿಜಯದಶಮಿಯ ಸಂಜೆ ಹಿಂದಿನ ಯಾವ ಪಾಚಿಯೂ ಇದರ ಮುಂದೆ ನಿಲ್ಲುವಂತಿರಲಿಲ್ಲ.

"ಕೃಷ್ಣ ಇಳಿಯೋಕೆ ಮುಂಚೆನೇ ಕಾಳಿಂಗ ಚೇತರಿಸ್ಕೊಂಡ ನೋಡು" ಅಂದರು ಅಮ್ಮ.

ಗೊಂಬೆಗಳನ್ನು ಮಲಗಿಸಿ, ಮರುದಿನ ಹಳೆ ಸೀರೆಯ ತುಂಡು, ಪೇಪರ್ ಹಿಡಿದು ಸುತ್ತಿಡಲು ಬಂದ ನನ್ನಾಕೆ ಟ್ಯಾಂಕಿನ ಮುಂದೆ ನಿಂತಳು. ಬಗ್ಗಿ ನೋಡಿದಳು. ಬೆರಳಲ್ಲಿ ಗಾಜು ಉಜ್ಜಿ ನೋಡಿದಳು. ಯುಗಾದಿಯ ತೀರ್ಪು ನನಗೆ ನೆನಪಿತ್ತು, ಹಲ್ಲಿನ ಡಾಕ್ಟರ ಹತ್ತಿರ ಟ್ಯಾಂಕಿನ ಉದ್ದಗಲವೂ ಇತ್ತು.

"ಡಾಕ್ಟ್ರಿಗೆ ಫೋನ್ ಮಾಡ್ಲಾ?" ಅಂದೆ, ಸೋತು.

"ಯಾಕೆ? ಟ್ಯಾಂಕು ಎಲ್ಲಿಗೂ ಹೋಗಲ್ಲ. ಮುಂದಿನ ವರ್ಷ ಸಮುದ್ರಮಥನ ಅಂತ ಎಲ್ರಿಗೂ ಹೇಳಿಬಿಟ್ಟಿದೀನಿ."

ನನಗೆ ಹೋದ ಜೀವ ಬಂತು. ಖುಷಿಗೆ ತೋಳು ಮಡಚಿ, ಸ್ಕ್ರಬ್ಬರ್ ತೆಗೆದುಕೊಂಡು, "ಹಂಗಾದ್ರೆ ಇವತ್ತೇ ಉಜ್ಜಿ ಉಜ್ಜಿ ಗಾಜಿನ ಥರ ಮಾಡಿಬಿಡ್ತೀನಿ" ಎಂದು ನುಗ್ಗಿದೆ.

ನನ್ನಾಕೆ ಎರಡೂ ಕೈ ಚಾಚಿ ಟ್ಯಾಂಕಿಗೆ ಅಡ್ಡ ನಿಂತಳು.

"ಮುಟ್ಟಿದ್ರೆ ನೋಡಿ! ಹಾಲಾಹಲಕ್ಕೆ ಬೇಕು."